ಅಣ್ಣನಿಗೆ ಗೊತ್ತಾಗದಂತೆ ಊಟದಲ್ಲಿ ಮಾತ್ರೆ ಬೆರೆಸೋದು ಹೇಗೆ?

ಬೆರೆಸಬೇಡಿ.

ಊಟದಲ್ಲಿ ಯಾರೋ ವಿಷ ಹಾಕ್ತಾರೆ ಅಂತ ಅಣ್ಣ ಹೆದರಿದ್ದಾರೆ, ಡಾಕ್ಟರ್ ಕೊಟ್ಟ ಮಾತ್ರೆ ಮುಟ್ಟಲ್ಲ ಅಂತ ಬರೆದಿದ್ದೀರಿ. ನನ್ನ ತಮ್ಮನದೂ ಇದೇ ಕಥೆ. ನಾವು ಜಮಖಂಡಿ ಕಡೆಯವರು.

ಅವನಿಗೆ ಶೇಂಗಾ ಹಿಂಡಿ ಅಂದರೆ ಪ್ರಾಣ. ಅವ್ವ ಮಾತ್ರೆ ಕುಟ್ಟಿ ಅದರಲ್ಲಿ ಕಲಸಿ ರೊಟ್ಟಿ ಜೊತೆ ಕೊಡುತ್ತಿದ್ದಳು. ಐಡಿಯಾ ನನ್ನದು. ಸ್ವಲ್ಪ ದಿನ ನಡೀತು. ಒಂದು ರಾತ್ರಿ ಕೆಂಪು ಹಿಂಡಿಯಲ್ಲಿ ಬಿಳಿ ಚೂರು ಕಂಡಿತು. ಬೆರಳಿಗೆ ಹಚ್ಚಿಕೊಂಡು ಟ್ಯೂಬ್‌ಲೈಟಿಗೆ ಹಿಡಿದ. "ಯಕ್ಕಾ, ಇದೇನ?" ಉಪ್ಪು ಅಂದೆ. ನೆಕ್ಕಿ ನೋಡಿದ.

ಕೆಟ್ಟಿದ್ದು ಅಲ್ಲೇ. ವಿಷ ಅನ್ನೋದು ಅವನ ಭ್ರಮೆ. ಆದರೆ ಹೇಳದೆ ಕೇಳದೆ ತಟ್ಟೆಗೆ ಏನೋ ಹಾಕಿ, ಮೇಲೆ ಸುಳ್ಳೂ ಹೇಳಿ, ನಾವೇ ಅದನ್ನು ನಿಜ ಮಾಡಿಬಿಟ್ಟೆವು. ಪಕ್ಕದ ಮನೆಯವರ ಮೇಲಿದ್ದ ಅನುಮಾನ ಅವ್ವನ ಮೇಲೆ ತಿರುಗಿತು. ಮನೆಯ ನೀರೂ ಬೇಡವಾಯ್ತು. ತಾನೇ ಸುಲಿದ ಬಾಳೆಹಣ್ಣು, ತಾನೇ ಒಡೆದ ಪಾರ್ಲೆ-ಜಿ ಪುಡಿಕೆ, ಅಷ್ಟೇ. ಇನ್ನೊಂದು, ಅರ್ಧ ಮಾತ್ರೆ ತಟ್ಟೆಯಲ್ಲೇ ಉಳಿಯುತ್ತೆ. ಡೋಸ್ ಎಷ್ಟು ಹೋಯ್ತು ಅಂತ ಡಾಕ್ಟರಿಗೂ ತಿಳಿಯಲ್ಲ.

ಕಾಯಿಲೆ ಇದೆ ಅಂತ ಒಪ್ಪಿಸೋದು ಹೇಗೆ ಅಂತಲೂ ಕೇಳಿದ್ದೀರಿ. ಯಾಕೆ ಒಪ್ಪಿಸಬೇಕು? ಕಾಯಿಲೆ ಇದೆ ಅಂತ ಗೊತ್ತಾಗದಿರೋದೂ ಎಷ್ಟೋ ಸಲ ಈ ಕಾಯಿಲೆಯ ಭಾಗವೇ. ವಾದ ಮಾಡಿದರೆ ನೀವೂ ಶತ್ರು ಪಾರ್ಟಿ. ಹಾಗಂತ ಹೂಂ, ವಿಷ ಇದೆ ಅಂತ ತಲೆಯಾಡಿಸಲೂ ಬೇಡಿ. ಆಮೇಲೆ ನಾನು ವಿಷದ ಮಾತೇ ಬಿಟ್ಟೆ. "ನಿದ್ದಿಲ್ಲದ ಸೊರಗೀಯಲ್ಲೋ, ನಿದ್ದಿಗೆ ತೋರಿಸ್ಕೊಂಡು ಬರೋಣ ಬಾ" ಅಂದೆ. ಸುಳ್ಳೇನಲ್ಲ, ರಾತ್ರಿಯೆಲ್ಲ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಬಂದ. ಮಾತ್ರೆ ಯಾತಕ್ಕೆ ಅಂತ ಡಾಕ್ಟರ್ ಅವನಿಗೇ ಹೇಳಿದರು. ಸ್ಟ್ರಿಪ್ ಅವನ ಕೈಗೇ ಕೊಟ್ಟೆವು. ಒಡೆಯೋದು, ನುಂಗೋದು ಎಲ್ಲ ಅವನೇ.

ಪೂರ್ತಿ ಗುಣ ಕಾಣಲು ವಾರಗಳೇ ಬೇಕು. ಕೈ ನಡುಗಿದರೆ, ತೂಕ ಜಾಸ್ತಿ ಆದರೆ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ದಿನಾ ಮಾತ್ರೆ ಆಗದವರಿಗೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ. (ಸವದತ್ತಿ ಗುಡ್ಡಕ್ಕೂ ಹೋಗಿ ಬಂದೆವು, ಅವ್ವನ ಸಮಾಧಾನಕ್ಕೆ. ಮಾತ್ರೆ ಚೀಲದಲ್ಲೇ ಇತ್ತು.)

ಊಟವನ್ನೇ ಬಿಟ್ಟರೆ, ಸಾಯ್ತೀನಿ ಅಂದರೆ, ಯಾರ ಮೇಲಾದರೂ ಕೈ ಎತ್ತಿದರೆ ಮಾತ್ರ ನಿದ್ದೆ ಗಿದ್ದೆ ಅಂತ ಕೂರಬೇಡಿ, ನೇರ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಥ ಹೊತ್ತಲ್ಲಿ ಅವರು ಒಪ್ಪದಿದ್ದರೂ ದಾಖಲು ಮಾಡಿಕೊಳ್ಳಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ದಾರಿ ಇದೆ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಫ್ರೀ, ರಾತ್ರಿಯೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಅಣ್ಣನೇ ಮಾಡಬೇಕಂತಿಲ್ಲ, ನೀವು ಮಾಡಿ.