ಪ್ರೈಮರಿಯಲ್ಲಿ ಅಷ್ಟು ಕಚ್ಚಾಡಿದವರು ನವೆಂಬರಿನಲ್ಲಿ ಒಂದಾಗುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಒಳಚುನಾವಣೆಯಲ್ಲಿ, ಒಂದೇ ಪಕ್ಷದವರು ತಿಂಗಳುಗಟ್ಟಲೆ ಟಿ.ವಿ. ಚರ್ಚೆಗಳಲ್ಲಿ ಒಬ್ಬರ ಮಾನ ಒಬ್ಬರು ಹರಾಜು ಹಾಕುತ್ತಾರೆ; ಆಮೇಲೆ ಸೋತವರೇ ಗೆದ್ದವರ ಕೈ ಎತ್ತಿ ಹಿಡಿದು ನವೆಂಬರಿನ ಮುಖ್ಯ ಚುನಾವಣೆಗೆ ಮತ ಕೇಳುತ್ತಾರೆ. ಇದು ನಾಟಕವೇ, ನಿಷ್ಠೆಯೇ? ನಮ್ಮಲ್ಲಿ ಟಿಕೆಟ್ ತಪ್ಪಿದವರು ಮರುದಿನವೇ ಎದುರು ಪಕ್ಷದ ಶಾಲು ಹೊದೆಯುತ್ತಾರಲ್ಲ, ಅಲ್ಲಿಯವರು ಏಕೆ ಹಾಗೆ ಮಾಡುವುದಿಲ್ಲ?

ನಾಟಕ ಇದ್ದೇ ಇದೆ. ಆದರೆ ಅದು ಪುಕ್ಕಟೆ ನಾಟಕವಲ್ಲ, ಯಾರಾದರೂ ಖರ್ಚು ಹಾಕಿರಲೇಬೇಕು. ಯಾರು ಎಷ್ಟು ಹಾಕಿದರು ಎಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ಸೆಣಸಿದ 2008ರ ಡೆಮಾಕ್ರಟಿಕ್ ಪ್ರೈಮರಿಯನ್ನು ಹಿಡಿದು ಹೇಳುತ್ತೇನೆ. ಆಗ ನಾನು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ ಕೆಲಸಕ್ಕಿದ್ದೆ. ವೀಸಾದ ಮೇಲಿದ್ದವನಿಗೆ ಮತವಿಲ್ಲ. ನೋಡುವುದಕ್ಕೆ ಅಡ್ಡಿಯೂ ಇಲ್ಲ.

ಜಗಳ ಎಷ್ಟಿತ್ತು ಎಂಬುದನ್ನು ಮೊದಲು ಹೇಳಬೇಕು. ಇಂದಿನ ಟ್ರಂಪ್ ಯುಗದ ಕಿವಿಗೆ ಅದು ಸೌಮ್ಯವಾಗಿ ಕೇಳಿಸಬಹುದು. ನ್ಯೂ ಹ್ಯಾಂಪ್‌ಶೈರ್‌ನ ಚರ್ಚೆಯಲ್ಲಿ 'ಜನರಿಗೆ ನೀವು ಅಷ್ಟಾಗಿ ಇಷ್ಟವಾಗುವುದಿಲ್ಲವಂತಲ್ಲ' ಎಂಬ ಪ್ರಶ್ನೆ ಹಿಲರಿಗೆ ಎದುರಾದಾಗ, 'ಇಷ್ಟವಾಗುವಷ್ಟಂತೂ ಇದ್ದೀರಿ' ಎಂದು ಒಬಾಮ ತಲೆ ಎತ್ತದೆ ಹೇಳಿದ್ದು ಅಲ್ಲಿನ ಹೆಂಗಸರಿಗೆ ಚೆನ್ನಾಗಿಯೇ ಚುಚ್ಚಿತು. ನಡುರಾತ್ರಿ ಮೂರು ಗಂಟೆಗೆ ಶ್ವೇತಭವನದ ಫೋನ್ ಬಾರಿಸಿದರೆ ಯಾರು ಎತ್ತಬೇಕು ಎಂಬ ಹಿಲರಿಯ ಜಾಹೀರಾತು, ಈ ಹುಡುಗನ ಕೈಯಲ್ಲಿ ದೇಶ ಕೊಡುತ್ತೀರಾ ಎಂದು ಕೇಳುವಂತಿತ್ತು. ಒಬಾಮನ ಸಲಹೆಗಾರ್ತಿ ಸಮಂತಾ ಪವರ್ ಹಿಲರಿಯನ್ನು ರಾಕ್ಷಸಿ ಎಂದು ಕರೆದು ಮಾರ್ಚ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದೇ ತಿಂಗಳು ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ, ಹಿಲರಿ ಬೆಂಬಲಿಗರ ಪೈಕಿ ಶೇ 28ರಷ್ಟು ಜನ ಒಬಾಮ ಅಭ್ಯರ್ಥಿಯಾದರೆ ತಾವು ರಿಪಬ್ಲಿಕನ್ ಪಕ್ಷದ ಮೆಕೇನ್‌ಗೆ ಮತ ಹಾಕುವುದಾಗಿ ಹೇಳಿದ್ದರು.

ನನ್ನ ಪ್ರಕಾರ ಇಡೀ ಕಥೆಯ ಗಂಟು ಇರುವುದು ಫ್ಲಾರಿಡಾ ಮತ್ತು ಮಿಷಿಗನ್‌ನಲ್ಲಿ. ಈ ಎರಡೂ ರಾಜ್ಯಗಳು ಪಕ್ಷದ ವೇಳಾಪಟ್ಟಿ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿದವು. ಶಿಕ್ಷೆಯಾಗಿ ಪಕ್ಷ, ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಅವುಗಳ ಎಲ್ಲ ಪ್ರತಿನಿಧಿಗಳನ್ನೂ ಅನೂರ್ಜಿತಗೊಳಿಸಿತ್ತು. ಒಬಾಮ ಮಿಷಿಗನ್ ಮತಪತ್ರದಿಂದ ತಮ್ಮ ಹೆಸರನ್ನೇ ತೆಗೆಸಿದ್ದರು. ಎರಡೂ ಕಡೆ ಹಿಲರಿ ಗೆದ್ದರು, ಆದರೆ ಗೆಲುವು ಲೆಕ್ಕಕ್ಕಿಲ್ಲ. ಕೊನೆಗೆ ಮೇ 31ರಂದು ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಪಕ್ಷದ ನಿಯಮಾವಳಿ ಸಮಿತಿ ಸಭೆ ಸೇರಿ, ಪ್ರತಿ ಪ್ರತಿನಿಧಿಗೂ ಅರ್ಧ ಮತ ಎಂದು ತೀರ್ಮಾನಿಸಿತು. ಮಿಷಿಗನ್ನಿನ ಹಂಚಿಕೆಯಲ್ಲಿ ಹಿಲರಿಯ ನಾಲ್ಕು ಪ್ರತಿನಿಧಿಗಳನ್ನು ಕದ್ದಿದ್ದೀರಿ ಎಂದು ಆಕೆಯ ಹಿರಿಯ ಸಲಹೆಗಾರ ಹೆರಾಲ್ಡ್ ಇಕೀಸ್ ಸಭೆಯಲ್ಲೇ ಗುಡುಗಿದರು. ತಮಾಷೆಯೆಂದರೆ, ಹಿಂದಿನ ವರ್ಷ ಫ್ಲಾರಿಡಾದ ಪ್ರತಿನಿಧಿಗಳನ್ನು ಕಿತ್ತುಹಾಕುವಾಗ ಇದೇ ಇಕೀಸ್ ಅದೇ ಸಮಿತಿಯಲ್ಲಿ ಕುಳಿತು ಅದರ ಪರವಾಗಿಯೇ ಮತ ಹಾಕಿದ್ದರು. ಸಭಾಂಗಣದಲ್ಲಿದ್ದ ಹಿಲರಿ ಬೆಂಬಲಿಗರು ಮಾತ್ರ 'ಡೆನ್ವರ್, ಡೆನ್ವರ್' ಎಂದು ಕೂಗಿದರು. ಆಗಸ್ಟ್‌ನಲ್ಲಿ ಡೆನ್ವರ್‌ನಲ್ಲಿ ನಡೆಯಲಿದ್ದ ಮಹಾಸಮಾವೇಶದವರೆಗೂ ಬಿಡುವುದಿಲ್ಲ ಎಂಬ ಬೆದರಿಕೆ ಅದು.

ಸೋಲನ್ನು ಜನ ಹೇಗೋ ನುಂಗಿಕೊಳ್ಳುತ್ತಾರೆ. ತಮ್ಮ ಮತವನ್ನು ಎಣಿಸಲೇ ಇಲ್ಲ ಎಂಬ ಅನುಮಾನ ಗಂಟಲಿನಿಂದ ಕೆಳಗಿಳಿಯುವುದಿಲ್ಲ. 1968ರಲ್ಲಿ ಇದೇ ಡೆಮಾಕ್ರಟಿಕ್ ಪಕ್ಷದ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಸ್ಪರ್ಧಿಸದೆ ಪಕ್ಷದ ಮುಖಂಡರ ಬಲದಿಂದ ಅಭ್ಯರ್ಥಿಯಾದರು. ಷಿಕಾಗೊ ಸಮಾವೇಶದ ಹೊರಗೆ ಲಾಠಿ, ಒಳಗೆ ಬೈಗುಳ, ನವೆಂಬರಿನಲ್ಲಿ ಗೆದ್ದದ್ದು ರಿಪಬ್ಲಿಕನ್ ನಿಕ್ಸನ್. ಇಂದು ಕಾಣುವ ಪ್ರೈಮರಿ ಪದ್ಧತಿ ಬಹುಮಟ್ಟಿಗೆ ಆ ಗಾಯದ ನಂತರ ಬಂದ ಸುಧಾರಣೆ. 2016ರಲ್ಲಿ ಪಕ್ಷದ ಕಚೇರಿಯ ಇ-ಮೇಲ್‌ಗಳು ಸಮಾವೇಶಕ್ಕೆ ಮೂರು ದಿನ ಮೊದಲು ಬಯಲಾಗಿ, ಒಳಗಿನವರ ಒಲವು ಹಿಲರಿ ಕಡೆಗಿತ್ತು ಎಂಬುದು ಕಂಡಾಗ, ಪ್ರೈಮರಿಯಲ್ಲಿ ಹಿಲರಿಗೆ ಸೋತ ಬರ್ನಿ ಸ್ಯಾಂಡರ್ಸ್ ಸ್ವತಃ ವೇದಿಕೆಯಲ್ಲಿ ನಿಂತು ಹಿಲರಿಗೆ ಮತ ಕೇಳಿದರೂ ಅವರ ಬೆಂಬಲಿಗರು ಅವರನ್ನೇ ಕೂಗಿ ಕೂರಿಸಲು ನೋಡಿದರು. ಆ ಕಹಿಯ ಫಲವಾಗಿಯೇ 2018ರಲ್ಲಿ, ಯಾರೂ ಚುನಾಯಿಸದ 'ಸೂಪರ್ ಡೆಲಿಗೇಟ್'ಗಳಿಗೆ ಮೊದಲ ಸುತ್ತಿನಲ್ಲಿ ಮತವಿಲ್ಲ ಎಂಬ ನಿಯಮ ಬಂತು.

2008ಕ್ಕೆ ಮರಳುತ್ತೇನೆ. ಜೂನ್ 3ರಂದು ಕೊನೆಯ ಪ್ರೈಮರಿಗಳು ಮುಗಿದು ಒಬಾಮ ಅಗತ್ಯ ಪ್ರತಿನಿಧಿಗಳ ಸಂಖ್ಯೆ ದಾಟಿದರು. ಆ ರಾತ್ರಿ ಹಿಲರಿ ಸೋಲೊಪ್ಪಲಿಲ್ಲ. ಜೂನ್ 7ರಂದು ಒಪ್ಪಿದರು, ಚೆನ್ನಾಗಿಯೇ ಒಪ್ಪಿದರು: ಹೆಂಗಸರ ದಾರಿಗೆ ಅಡ್ಡವಾದ ಆ ಅತ್ಯುನ್ನತ ಗಾಜಿನ ಚಾವಣಿಯನ್ನು ಒಡೆಯಲು ಆಗಲಿಲ್ಲ, ಆದರೆ ಅದರಲ್ಲಿ 1.8 ಕೋಟಿ ಬಿರುಕುಗಳಿವೆ ಎಂದರು. ಅವರಿಗೆ ಬಿದ್ದಿದ್ದ ಮತಗಳು ಅಷ್ಟು. ಪತ್ರಿಕೆಗಳು ಆ ಮಾತನ್ನೇ ಹಿಡಿದವು. ನನಗೆ ಹೆಚ್ಚು ಕುತೂಹಲ ಇದ್ದದ್ದು ಹಣದ ಕಡೆ. ಹಿಲರಿಯ ಪ್ರಚಾರಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಸಾಲವಿತ್ತು, ಅದರಲ್ಲಿ ಒಂದು ಕೋಟಿಗೂ ಹೆಚ್ಚು ಆಕೆಯೇ ಕೈಯಿಂದ ಕೊಟ್ಟದ್ದು. ಜೂನ್ 26ರ ಸಂಜೆ ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಹಿಲರಿಯ ದೊಡ್ಡ ದಾನಿಗಳ ಮುಂದೆ ಒಬಾಮ ನಿಂತು, ಸಾಲ ತೀರಿಸಲು ತಮ್ಮ ಕಡೆಯವರೂ ಕೈಜೋಡಿಸಬೇಕೆಂದು ಹೇಳಿ, ತಾವೂ ಪತ್ನಿ ಮಿಷೆಲ್ಲರೂ ತಲಾ 2,300 ಡಾಲರಿನ ಚೆಕ್ ಕೊಟ್ಟರು. ಆಗ ಕಾನೂನು ಒಬ್ಬರಿಗೆ ಬಿಡುತ್ತಿದ್ದದ್ದೇ ಅಷ್ಟು. ಎರಡು ಕೋಟಿಯ ಮುಂದೆ ಅದು ಎಳ್ಳಷ್ಟು, ನಿಜ. ಆದರೂ ಬೀಗರ ಮನೆಗೆ ಮೊದಲ ಸಲ ಬರಿಗೈಯಲ್ಲಿ ಹೋಗಬಾರದು ಎಂಬ ತಿಳಿವಳಿಕೆ ಅದರಲ್ಲಿತ್ತು. ಮರುದಿನ ಇಬ್ಬರೂ ಒಟ್ಟಿಗೆ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಹಳ್ಳಿಗೆ ಬಂದರು. ಜನವರಿಯ ಪ್ರೈಮರಿಯಲ್ಲಿ ಆ ಊರಿನಲ್ಲಿ ಇಬ್ಬರಿಗೂ ಸಮನಾಗಿ 107 ಮತ ಬಿದ್ದಿತ್ತು. ಎಲ್ಲ ಪತ್ರಿಕೆಗಳೂ ಅದರ ಚಿತ್ರ ಹಾಕಿದವು. ಹಿಂದಿನ ಸಂಜೆಯ ಚೆಕ್ಕಿಗಿಂತ ಈ ಚಿತ್ರ ದೊಡ್ಡದೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕಚೇರಿಯಲ್ಲಿ ಅರವತ್ತು ದಾಟಿದ ಸಹೋದ್ಯೋಗಿಯೊಬ್ಬರಿದ್ದರು. ಚಳಿಗಾಲವಿಡೀ ಹಿಲರಿಗಾಗಿ ಮನೆ ಮನೆಗೆ ಫೋನ್ ಮಾಡಿದವರು. ಜೂನ್‌ನಲ್ಲಿ ಅವರ ಪ್ರತಿಜ್ಞೆ: ಮತಪತ್ರದಲ್ಲಿ ಹಿಲರಿಯ ಹೆಸರನ್ನೇ ಕೈಯಾರೆ ಬರೆದು ಬರುತ್ತೇನೆ. ಯೂನಿಟಿಯ ಸಭೆ ಅವರ ಮೇಲೆ ಏನೂ ಪರಿಣಾಮ ಮಾಡಲಿಲ್ಲ. 'ಆಕೆಗೆ ಬೇರೆ ದಾರಿ ಇರಲಿಲ್ಲ' ಎಂದು ಕೈಕೊಡವಿದರು. ಆಗಸ್ಟ್‌ನಲ್ಲಿ ಒಬಾಮ ಉಪಾಧ್ಯಕ್ಷ ಸ್ಥಾನಕ್ಕೆ ಹಿಲರಿಯನ್ನು ಬಿಟ್ಟು ಜೋ ಬೈಡನ್‌ರನ್ನು ಆರಿಸಿದಾಗ ಸಿಟ್ಟು ಇನ್ನೂ ಏರಿತು. ಆಮೇಲೆ ಆಗಸ್ಟ್ 26ರ ರಾತ್ರಿ ಡೆನ್ವರ್‌ನಲ್ಲಿ ಹಿಲರಿ ತಮ್ಮ ಬೆಂಬಲಿಗರನ್ನೇ ನೇರವಾಗಿ ಕೇಳಿದರು: ನೀವು ಈ ಪ್ರಚಾರಕ್ಕೆ ಬಂದದ್ದು ನನಗಾಗಿ ಮಾತ್ರವೇ? ಇಲ್ಲವೆ, ಕ್ಯಾನ್ಸರ್ ಇಟ್ಟುಕೊಂಡು ಮಕ್ಕಳನ್ನು ಸಾಕುತ್ತಿರುವ ಆ ತಾಯಿಗಾಗಿಯೋ? ಗೆದ್ದವರು ಎಷ್ಟೇ ಚೆನ್ನಾಗಿ ಮಾತನಾಡಬಲ್ಲವರಾದರೂ ಈ ಪ್ರಶ್ನೆ ಕೇಳುವ ಅಧಿಕಾರ ಅವರಿಗಿಲ್ಲ. ಸೋತವರಿಗೆ ಮಾತ್ರ ಇದೆ. ಮರುದಿನ ರಾಜ್ಯವಾರು ಮತ ಎಣಿಕೆ ನಡೆಯುತ್ತಿದ್ದಾಗ, ನ್ಯೂಯಾರ್ಕ್ ಸರದಿ ಬಂದೊಡನೆ ಅದನ್ನು ನಿಲ್ಲಿಸಿ ಒಬಾಮರನ್ನು ಸರ್ವಾನುಮತದಿಂದ ಆರಿಸಬೇಕೆಂದು ಹಿಲರಿಯೇ ಸೂಚಿಸಿದರು. ಎಣಿಕೆ ಶುರುವಾಗಲು ಬಿಟ್ಟು, ತಮ್ಮ ಒಂದಷ್ಟು ಪ್ರತಿನಿಧಿಗಳ ಮತ ದಾಖಲಾದ ಮೇಲೆ ನಿಲ್ಲಿಸಿದ್ದು ಜಾಣತನ. ಅಂದಹಾಗೆ, ಫ್ಲಾರಿಡಾ, ಮಿಷಿಗನ್ ಪ್ರತಿನಿಧಿಗಳಿಗೆ ಆ ಹೊತ್ತಿಗೆ ಪೂರ್ಣ ಮತ ಮರಳಿ ಸಿಕ್ಕಿತ್ತು. ಫಲಿತಾಂಶ ಬದಲಾಗುವುದಿಲ್ಲ ಎಂದಾದ ಮೇಲೆ ಉದಾರವಾಗುವುದು ಸುಲಭ.

ನನ್ನ ಸಹೋದ್ಯೋಗಿ ಆ ಭಾಷಣಕ್ಕೆ ಕಣ್ಣೊರೆಸಿಕೊಂಡರು, ಆದರೆ ಮನಸ್ಸು ಬದಲಿಸಿದ್ದು ಅದರಿಂದಲ್ಲ. ಅದೇ ವಾರ ಮೆಕೇನ್ ಉಪಾಧ್ಯಕ್ಷ ಸ್ಥಾನಕ್ಕೆ ಗರ್ಭಪಾತದ ಹಕ್ಕನ್ನು ವಿರೋಧಿಸುವ ಸಾರಾ ಪೇಲಿನ್‌ರನ್ನು ಆರಿಸಿದರು. 'ಹೆಂಗಸು ಅಂದರೆ ಸಾಕು, ಯಾವ ಹೆಂಗಸಾದರೂ ನಡೆಯುತ್ತದೆ ಎಂದುಕೊಂಡಿದ್ದಾರಲ್ಲ!' ಎಂದು ಅವರು ಕೆರಳಿದರು. ನವೆಂಬರಿನಲ್ಲಿ ಒಬಾಮಗೆ ಮತ ಹಾಕಿದರು. ಒಗ್ಗಟ್ಟಿನ ಅರ್ಧ ಕೆಲಸವನ್ನು ಹೀಗೆ ಎದುರು ಪಕ್ಷವೇ ಮಾಡಿಕೊಡುತ್ತದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ 1980. ಹಾಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ವಿರುದ್ಧ ಅವರದೇ ಪಕ್ಷದ ಎಡ್ವರ್ಡ್ ಕೆನಡಿ ಸ್ಪರ್ಧಿಸಿ ಸೋತರು. ಪ್ರತಿನಿಧಿಗಳು ಪ್ರೈಮರಿ ಫಲಿತಾಂಶಕ್ಕೆ ಬದ್ಧರಾಗಿರಬೇಕಿಲ್ಲ ಎಂದು ನಿಯಮ ಬದಲಿಸಲು ಕೊನೆಯ ಗಳಿಗೆಯವರೆಗೂ ಹೊಡೆದಾಡಿದರು, ಅದರಲ್ಲೂ ಸೋತರು. ನ್ಯೂಯಾರ್ಕಿನ ಸಮಾವೇಶದ ಕೊನೆಯ ರಾತ್ರಿ ವೇದಿಕೆಗೆ ಬಂದ ಕೆನಡಿ ಕೈಕುಲುಕಿದರು. ಕೈ ಎತ್ತಿ ಹಿಡಿಯುವ ಆ ಪ್ರಸಿದ್ಧ ಭಂಗಿಗೆ ಮಾತ್ರ ಸಿಗಲಿಲ್ಲ. ದೇಶದ ಅಧ್ಯಕ್ಷ ಜನರ ನಡುವೆ ದಾರಿ ಮಾಡಿಕೊಂಡು ಅವರ ಬೆನ್ನು ಹತ್ತಿದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ನವೆಂಬರಿನಲ್ಲಿ ಕಾರ್ಟರ್‌ಗೆ ಸಿಕ್ಕಿದ್ದು ಬರೇ 49 ಎಲೆಕ್ಟೋರಲ್ ಮತ (ರಾಜ್ಯವಾರು ಲೆಕ್ಕದಲ್ಲಿ ಅಧ್ಯಕ್ಷರನ್ನು ಆರಿಸುವ ಮತ).

ಇಲ್ಲಿ ಎಚ್ಚರಿಕೆಯೊಂದಿದೆ. ಕೈ ಎತ್ತದ್ದಕ್ಕೆ ಕಾರ್ಟರ್ ಸೋತರು ಎಂದು ಹೇಳುವವರನ್ನು ನಂಬಬೇಡಿ. ಹಣದುಬ್ಬರ, ಇರಾನಿನಲ್ಲಿ ಸಿಕ್ಕಿಬಿದ್ದ ಅಮೆರಿಕನ್ ಒತ್ತೆಯಾಳುಗಳು, ಎದುರಿಗೆ ರಿಪಬ್ಲಿಕನ್ ರೇಗನ್. ಕೆನಡಿ ಅಪ್ಪಿಕೊಂಡಿದ್ದರೂ ಉಳಿಯುತ್ತಿರಲಿಲ್ಲ. ಅದರಂತೆ 2008ರ ಒಗ್ಗಟ್ಟನ್ನೂ ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಹಿಲರಿಗೆ ಪ್ರೈಮರಿಯಲ್ಲಿ ಮತ ಹಾಕಿದವರಲ್ಲಿ ಕೊನೆಗೆ ಮೆಕೇನ್ ಕಡೆ ಹೋದವರು ಆರರಲ್ಲಿ ಒಬ್ಬರು ಎಂದು ಒಂದು ಲೆಕ್ಕ, ನಾಲ್ವರಲ್ಲಿ ಒಬ್ಬರು ಎಂದು ಇನ್ನೊಂದು ಲೆಕ್ಕ. 2016ರಲ್ಲಿ ಸ್ಯಾಂಡರ್ಸ್‌ಗೆ ಮತ ಹಾಕಿ ಟ್ರಂಪ್ ಕಡೆ ಹೋದವರು ಸುಮಾರು ಶೇ 12. ಅಂದರೆ ಒಗ್ಗಟ್ಟಿನ ಮಾದರಿ ಎಂದು ನಾವೆಲ್ಲ ತೋರಿಸುವ ವರ್ಷದಲ್ಲೇ ಹೆಚ್ಚು ಜನ ಕೈಬಿಟ್ಟಿದ್ದರು! ಆದರೆ 2008ರ ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಆರ್ಥಿಕತೆ ಕುಸಿದಿತ್ತು. ಒಬಾಮ 365 ಎಲೆಕ್ಟೋರಲ್ ಮತ ಬಾಚಿಕೊಂಡರು, ಬಿಟ್ಟು ಹೋದವರನ್ನು ಯಾರೂ ಲೆಕ್ಕ ಹಾಕಲಿಲ್ಲ. 2016ರಲ್ಲಿ ಹಿಲರಿಯನ್ನು ಸೋಲಿಸಿದ ಮೂರು ರಾಜ್ಯಗಳ ಅಂತರ ಸೇರಿಸಿದರೂ 80 ಸಾವಿರ ಮತ ದಾಟದು. ಹಾಗಾಗಿ ಬಿಟ್ಟು ಹೋದ ಸ್ಯಾಂಡರ್ಸ್ ಬೆಂಬಲಿಗರನ್ನು ಇಂದಿಗೂ ಶಪಿಸುತ್ತಾರೆ.

ಇನ್ನು ಸೋತವರು ಏಕೆ ಬಿಟ್ಟು ಹೋಗುವುದಿಲ್ಲ ಎಂಬುದು. ಹೋಗುತ್ತಾರೆ. 1912ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ರಿಪಬ್ಲಿಕನ್ ಟಿಕೆಟ್ ಸಿಗದೆ ಮುನಿದು ಬೇರೆ ಪಕ್ಷ ಕಟ್ಟಿ ಆ ಪಕ್ಷದ ಮತ ಒಡೆದರು, ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್ ಗೆದ್ದರು. ಕನೆಕ್ಟಿಕಟ್‌ನ ಸೆನೆಟರ್ ಜೋ ಲೀಬರ್‌ಮನ್ 2006ರಲ್ಲಿ ಪ್ರೈಮರಿ ಸೋತು ಬೇರೆ ಪಕ್ಷದ ಹೆಸರಿನಲ್ಲಿ ನಿಂತು ಗೆದ್ದೇಬಿಟ್ಟರು. 2025ರಲ್ಲಿ ನ್ಯೂಯಾರ್ಕ್ ಮೇಯರ್ ಪ್ರೈಮರಿ ಸೋತ ಆ್ಯಂಡ್ರೂ ಕ್ವೋಮೊ ಪಕ್ಷೇತರರಾಗಿ ನಿಂತು ಜೊಹ್ರಾನ್ ಮಮ್ದಾನಿ ಎದುರು ಮತ್ತೆ ಸೋತರು. ಆದರೆ ಬಹುಪಾಲು ರಾಜ್ಯಗಳಲ್ಲಿ ಪ್ರೈಮರಿ ಸೋತವರು ಅದೇ ಚುನಾವಣೆಗೆ ಬೇರೆ ಪಕ್ಷದಿಂದಲೋ ಪಕ್ಷೇತರರಾಗಿಯೋ ನಿಲ್ಲದಂತೆ ಕಾನೂನೇ ಬಾಗಿಲು ಹಾಕಿದೆ. ಮುಖ್ಯ ಕಾರಣ ಅದಕ್ಕಿಂತ ಆಳದ್ದು. 2023ರಲ್ಲಿ ಜಗದೀಶ ಶೆಟ್ಟರ್ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಹೋದಾಗ ಅವರ ದೂರು ದೆಹಲಿಯ ಮೇಲಿತ್ತು, ಹುಬ್ಬಳ್ಳಿಯ ಕಾರ್ಯಕರ್ತರ ಮೇಲಲ್ಲ. ಒಂಬತ್ತೇ ತಿಂಗಳಲ್ಲಿ ಅವರು ಮರಳಿಯೂ ಬಂದರು. ಟಿಕೆಟ್ ತಪ್ಪಿಸಿದ್ದು ಹೈಕಮಾಂಡ್ ಆದರೆ ಹೀಗೆ ಮುನಿಸಿಕೊಂಡು ಹೋಗಬಹುದು. ತಪ್ಪಿಸಿದ್ದು ನಿಮ್ಮದೇ ಪಕ್ಷದ ಲಕ್ಷಾಂತರ ಮತದಾರರಾದರೆ ಯಾರ ಮೇಲೆ ಮುನಿಸು?

ಜೊತೆಗೆ ಇನ್ನೊಂದು ಸಲ ಹೊಡೆದಾಡುವ ಅವಕಾಶ ಯಾವಾಗಲೂ ತೆರೆದಿರುತ್ತದೆ. ಇದಕ್ಕೆ ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಅವರೇ ಸಾಕ್ಷಿ. 2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಯ ಡೆಮಾಕ್ರಟಿಕ್ ಪ್ರೈಮರಿಗೆ ಸ್ವಂತ ಹಣ ಸುರಿದು ಮೂರನೆಯ ಸ್ಥಾನಕ್ಕೆ ಬಿದ್ದರು. ಪಕ್ಷ ಬಿಡಲಿಲ್ಲ. 2020ರಲ್ಲಿ ರಾಜ್ಯದ ಕೆಳಮನೆಗೆ ಹೋದರು. 2022ರಲ್ಲಿ ಡೆಟ್ರಾಯಿಟ್‌ನ ಸಂಸತ್ ಕ್ಷೇತ್ರದ ಪ್ರೈಮರಿಯಲ್ಲಿ ಒಂಬತ್ತು ಜನರ ನಡುವೆ ಶೇ 28ರಷ್ಟು ಮತ ಪಡೆದು ಗೆದ್ದರು. ಅಂದರೆ ಅವರ ಪಕ್ಷದವರಲ್ಲೇ ನಾಲ್ವರಲ್ಲಿ ಸುಮಾರು ಮೂವರಿಗೆ ಬೇರೆಯವರು ಬೇಕಿತ್ತು. ಕಪ್ಪು ಜನರೇ ಹೆಚ್ಚಿರುವ ಡೆಟ್ರಾಯಿಟ್‌ಗೆ ಸುಮಾರು 70 ವರ್ಷಗಳಲ್ಲಿ ಮೊದಲ ಬಾರಿಗೆ ಕಪ್ಪು ಸಂಸದರೇ ಇಲ್ಲದಂತಾಯಿತು ಎಂಬ ನೋವೂ ಅದರೊಂದಿಗೆ ಸೇರಿತ್ತು. ಆದರೂ ನವೆಂಬರಿನಲ್ಲಿ ಅವರು ಭಾರಿ ಅಂತರದಿಂದ ಗೆದ್ದರು. ನೊಂದವರು ರಿಪಬ್ಲಿಕನ್ ಪಕ್ಷಕ್ಕೆ ಹೋಗಲಿಲ್ಲ. ಎರಡು ವರ್ಷ ಕಾದು, 2024ರ ಪ್ರೈಮರಿಯಲ್ಲಿ ಅವರ ಎದುರಿಗೇ ಬಂದು ನಿಂತರು.