ಗಾಜಿನ ಬಿಸಿಲು ಹಕ್ಕಿಗೆ ಸಾಲದು

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್. ಎಲ್ಲರೂ ಲವ್ ಬರ್ಡ್ಸ್ ಎನ್ನುವ ಒಂದು ಜೊತೆ ಹಕ್ಕಿ ಸಾಕಿದ್ದೇವೆ, ಆಸ್ಟ್ರೇಲಿಯಾ ಮೂಲದ ಪುಟ್ಟ ಬಜರಿಗಾರ್ ಗಿಳಿಗಳು. ಪಂಜರ ಕಿಟಕಿ ಪಕ್ಕದಲ್ಲೇ ಇದೆ, ಗಾಜಿನಿಂದ ಬಿಸಿಲೂ ಬೀಳುತ್ತದೆ. ರಾತ್ರಿ 11ರ ತನಕ ಟ್ಯೂಬ್‌ಲೈಟ್ ಉರಿಯುತ್ತದೆ. ಆದರೂ ಹೆಣ್ಣು ಇಟ್ಟ ಮೊಟ್ಟೆಯ ಚಿಪ್ಪು ಮೆತ್ತಗಿತ್ತು. ಬೆಳಕು ಸಾಲದಾ?

ಉತ್ತರ: ಬೆಳಕು ಜಾಸ್ತಿಯೇ ಇದೆ, ಬೇಕಾದದ್ದು ಅದರಲ್ಲಿಲ್ಲ ಅಷ್ಟೇ. ಹಕ್ಕಿಯ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲು ಬಿಸಿಲಿನ ಯುವಿ-ಬಿ ಎಂಬ ಅತಿನೇರಳೆ ಕಿರಣ ಬೇಕು, ಕಿಟಕಿ ಗಾಜು ಅದನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಡಿ3 ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತೋದಿಲ್ಲ. ಮನೆಯ ಎಲ್‌ಇಡಿ, ಟ್ಯೂಬ್‌ಲೈಟ್‌ಗಳೂ ಇದಕ್ಕೆ ಉಪಯೋಗವಿಲ್ಲ.

ಬೆಳಿಗ್ಗೆ ಅರ್ಧ ಗಂಟೆ ಪಂಜರವನ್ನು ಬಾಲ್ಕನಿಯಲ್ಲಿಡಿ. ಅರ್ಧ ಪಂಜರಕ್ಕೆ ಬಟ್ಟೆ ಹೊದಿಸಿ, ನೆರಳು ಬೇಕೆನಿಸಿದರೆ ಅವೇ ಸರಿಯುತ್ತವೆ. ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆಯನ್ನು ಮೈಯಿಂದ ದೂರ ಹಿಡಿದರೆ ಸೆಕೆ ಎಂದರ್ಥ, ತಕ್ಷಣ ಒಳಗೆ ತನ್ನಿ. ಕಾಗೆ, ಬೆಕ್ಕು ಬರುತ್ತವೆ, ಪಕ್ಕದಲ್ಲೇ ಕೂತು ಕಾಫಿ ಕುಡಿಯಿರಿ!

ಇನ್ನು ರಾತ್ರಿ ವಿಷಯ. ಅವಕ್ಕೆ 10ರಿಂದ 12 ಗಂಟೆ ಕತ್ತಲೆ ಬೇಕು. ನಿಮ್ಮ ಟಿವಿ ಮುಗಿಯುವ ತನಕ ಅವು ಯಾಕೆ ಎಚ್ಚರ ಇರಬೇಕು? ಉದ್ದನೆಯ ಹಗಲು ಮೊಟ್ಟೆ ಇಡಲು ಪ್ರಚೋದನೆಯೂ ಹೌದು. ಸಂಜೆ ಏಳಕ್ಕೇ ಪಂಜರವನ್ನು ಕತ್ತಲ ಕೋಣೆಗೆ ಸಾಗಿಸಿ.

ಕ್ಯಾಲ್ಸಿಯಂಗಾಗಿ ಪಂಜರಕ್ಕೆ ಕಟಲ್ ಬೋನ್ (ಕಟಲ್ ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ಸಿಕ್ಕಿಸಿ. ಹೆಣ್ಣು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ತಿಣುಕುತ್ತಾ ಕೂತರೆ ಮಾತ್ರ ಕಾಯಬೇಡಿ, ಮೊಟ್ಟೆ ಸಿಕ್ಕಿಕೊಂಡಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.