ಪಕ್ಕದ ಮನೆಯ ಬೇವಿನ ಕೊಂಬೆ ನಮ್ಮ ತಾರಸಿಯ ಮೇಲೆ ಚಾಚಿದರೆ ಕಡಿಸಬಹುದೇ?

ಚಿತ್ರದುರ್ಗದಲ್ಲಿರುವ ತಮ್ಮ ಮನೆಯ ತಾರಸಿಯ ಮೇಲೆ ಪಕ್ಕದ ನಿವೇಶನದ ಬೇವಿನ ಕೊಂಬೆಗಳು ಚಾಚಿವೆ, ಎಲೆ ಉದುರಿ ಮಳೆನೀರಿನ ಕೊಳವೆ ಕಟ್ಟಿಕೊಳ್ಳುತ್ತಿದೆ, ಮಾಲೀಕರನ್ನು ಕೇಳದೆ ಕಡಿಸಬಹುದೇ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಇದೇ ತೊಂದರೆಯನ್ನು ಒಮ್ಮೆ ತಪ್ಪಾಗಿ, ಇನ್ನೊಮ್ಮೆ ಸರಿಯಾಗಿ ಬಗೆಹರಿಸಿಕೊಂಡವನು ನಾನು.

ಗಡಿ ದಾಟಿ ಬಂದ ಕೊಂಬೆ ಕಾನೂನಿನ ದೃಷ್ಟಿಯಲ್ಲಿ ಉಪದ್ರವ. ತನ್ನ ಜಾಗದಲ್ಲೇ ನಿಂತು, ಪಕ್ಕದವರ ನೆಲಕ್ಕೆ ಕಾಲಿಡದೆ, ಗಡಿಯವರೆಗಿನ ಭಾಗವನ್ನು ಕತ್ತರಿಸುವವನು ಮುನ್ಸೂಚನೆ ಕೊಡಬೇಕಾಗಿಲ್ಲ ಎಂದು 1894ರಲ್ಲಿ, ಅಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್, ಲೆಮ್ಮನ್ ವಿರುದ್ಧ ವೆಬ್ ಪ್ರಕರಣದಲ್ಲಿ ಹೇಳಿತು. ನಮ್ಮ ನ್ಯಾಯಾಲಯಗಳೂ ಆ ತತ್ತ್ವವನ್ನು ಒಪ್ಪಿಕೊಂಡು ಬಂದಿವೆ. ಕಡಿದ ಸೌದೆ ಮಾತ್ರ ಮರದ ಮಾಲೀಕರದ್ದೇ. ಆದರೆ ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯೂ ಇದೆ. ಅದರಲ್ಲಿ ಮರ ಕಡಿಯುವುದು ಎಂದರೆ ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಸವರುವುದೂ ಸೇರುತ್ತದೆ. ತೆಂಗಿನಂಥ ಕೆಲವು ಮರಗಳಿಗೆ ಮಾತ್ರ ಆ ಕಾಯ್ದೆಯಿಂದ ವಿನಾಯಿತಿ ಇದೆ. ಆದ್ದರಿಂದ ದಪ್ಪ ಕೊಂಬೆಗಳಿಗೆ ಕೈ ಹಾಕುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟು ಅನುಮತಿ ಪಡೆಯಿರಿ.

ಇಷ್ಟು ಹಕ್ಕು ಇದ್ದರೂ ಪಕ್ಕದವರನ್ನು ಕೇಳಿಯೇ ಕಡಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಸೌಜನ್ಯಕ್ಕಿಂತ ದೊಡ್ಡ ಕಾರಣವಿದೆ. ಗಡಿ ಎಳೆದಿರುವುದು ನಮ್ಮ ಅನುಕೂಲಕ್ಕೆ. ಮರಕ್ಕೆ ಅದು ಗೊತ್ತಿಲ್ಲ. ಮೊದಲ ಸಲ ನಾನು ಯಾರನ್ನೂ ಕೇಳದೆ, ಕೂಲಿಯವರನ್ನು ಕರೆಸಿ, ಕಾಂಪೌಂಡಿನ ನೇರಕ್ಕೆ ಮಚ್ಚಿನಿಂದ ಕಡಿಸಿದೆ. ಕೊಂಬೆಯ ನಡುವೆ ಉಳಿದ ಮೋಟಿನಿಂದ ಬೆರಳು ದಪ್ಪದ ಹತ್ತಿಪ್ಪತ್ತು ಚಿಗುರುಗಳು ಪೊದೆಯಂತೆ ಎದ್ದವು, ಎರಡೇ ವರ್ಷದಲ್ಲಿ ತಾರಸಿಯ ಮೇಲೆ ಮೊದಲಿಗಿಂತ ಹೆಚ್ಚು ನೆರಳು, ಹೆಚ್ಚು ಎಲೆ. ಮೋಟಿನ ತುದಿ ಕೊಳೆತು ಬೆರಳಿಗೆ ಪುಡಿಪುಡಿಯಾಗುತ್ತಿತ್ತು. ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಅದೇ ಭಾಗ ಮುರಿದು ನಮ್ಮ ಹಿತ್ತಲಿನ ಶೀಟಿನ ಮೇಲೆ ಬಿತ್ತು.

ಆಮೇಲೆ ಪಕ್ಕದ ಮನೆಯ ಅಜ್ಜಿಯವರ ಬಳಿ ಹೋಗಿ, ಹಿಂದೆ ಕೇಳದೆ ಕಡಿಸಿದ್ದು ತಪ್ಪಾಯಿತೆಂದು ಒಪ್ಪಿಕೊಂಡೆ. "ನಮ್ಮ ಯಜಮಾನ್ರು ನೆಟ್ಟಿದ್ದಪ್ಪ, ಟೊಂಗೆ ತಗಿ, ಬುಡಕ್ಕೆ ಮಾತ್ರ ಕೈ ಹಚ್ಚಬ್ಯಾಡ" ಎಂದರು. ಪ್ರತಿ ಯುಗಾದಿಗೆ ನಮ್ಮ ಮನೆಯ ಬೇವು-ಬೆಲ್ಲಕ್ಕೂ ಹೂವು ಅದೇ ಮರದಿಂದ ಬರುತ್ತಿತ್ತು. ಅವರ ಒಪ್ಪಿಗೆ ಸಿಕ್ಕಿದ್ದರಿಂದ ಆಳು ಅವರ ಅಂಗಳದಿಂದಲೇ ಏಣಿ ಹಾಕಿ, ಗಡಿಯಲ್ಲಿ ಅಲ್ಲ, ಕೊಂಬೆ ಕಾಂಡವನ್ನು ಸೇರುವ ಕಡೆಯೇ ಕತ್ತರಿಸಲು ಸಾಧ್ಯವಾಯಿತು. ಅಲ್ಲಿ ತೊಗಟೆ ಉಂಗುರದಂತೆ ಉಬ್ಬಿರುತ್ತದೆ. ಆ ಉಬ್ಬನ್ನು ಉಳಿಸಿ ಅದರ ಹೊರಗೆ ಕತ್ತರಿಸಿದರೆ ಮರ ತಾನೇ ಗಾಯವನ್ನು ಮುಚ್ಚಿಕೊಳ್ಳುತ್ತದೆ. ಮೊದಲು ಉಬ್ಬಿನಿಂದ ಒಂದಡಿ ಹೊರಗೆ ಕೆಳಗಿನಿಂದ ಕೊಂಬೆಯ ಮೂರನೇ ಒಂದು ಭಾಗದಷ್ಟು ಗರಗಸ ಹಾಕಿ, ಬಳಿಕ ಕಾಂಡದಿಂದ ಇನ್ನೂ ಸ್ವಲ್ಪ ದೂರಕ್ಕೆ ಮೇಲಿನಿಂದ ಕತ್ತರಿಸಿ ಭಾರ ಇಳಿಸಿ, ಕೊನೆಗೆ ಉಬ್ಬಿನ ಹತ್ತಿರ ಉಳಿದ ತುಂಡನ್ನು ತೆಗೆಯಬೇಕು. ಒಂದೇ ಏಟಿಗೆ ಕಡಿದರೆ ಭಾರಕ್ಕೆ ತೊಗಟೆ ಕಾಂಡದವರೆಗೂ ಸೀಳಿಹೋಗುತ್ತದೆ. ಡಾಂಬರು, ಬಣ್ಣ ಬಳಿಯುವ ಅಗತ್ಯವಿಲ್ಲ.

ಬೇರು ಗೋಡೆ ಬಿರುಕು ಬಿಡಿಸುತ್ತಿದ್ದರೆ ಇನ್ನಷ್ಟು ಎಚ್ಚರ ಬೇಕು. ಒಂದು ಬದಿಯ ದಪ್ಪ ಬೇರುಗಳನ್ನೆಲ್ಲ ಕಡಿದರೆ ಮರ ಗಾಳಿಗೆ ಉರುಳಬಹುದು, ಆಗ ಹೊಣೆ ಕಡಿದವರ ಮೇಲೆ ಬರುತ್ತದೆ. ಕೊಂಬೆಯ ನಡುವೆ ವಿದ್ಯುತ್ ತಂತಿ ಹಾದಿದ್ದರೆ ಯಾರನ್ನೂ ಹತ್ತಿಸದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ.

ಮಾಲೀಕರು ಬೇರೆ ಊರಿನಲ್ಲಿದ್ದರೆ, ಅಥವಾ ಮಾತಿಗೆ ಬಗ್ಗದಿದ್ದರೆ, ಫೋಟೋ ಸಹಿತ ರಿಜಿಸ್ಟರ್ಡ್ ಪತ್ರ ಕಳುಹಿಸಿ ಅದರ ಪ್ರತಿಯನ್ನು ನಗರಸಭೆಗೂ ಕೊಡಿ. ಅಷ್ಟಕ್ಕೂ ಆಗದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ದಾವೆ ಹೂಡುವ ಮೊದಲೇ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವ ಅವಕಾಶ ಅಲ್ಲಿದೆ. ಇದೆಲ್ಲಕ್ಕೂ ದಿನಗಳು ಹಿಡಿಯುತ್ತವೆ, ಆದ್ದರಿಂದ ಈಗಲೇ ಮಾತು ಶುರು ಮಾಡಿ, ಯುಗಾದಿಯ ಹೂವು ಮುಗಿದ ಮೇಲೆ, ಮೇ ತಿಂಗಳ ಗಾಳಿ ಏಳುವುದರೊಳಗೆ ಗರಗಸ ಹಾಕಿಸಿ.